ಮ್ಯಾಗಜಿನ್ ತೆಗೆದರೂ ಕೋವಿ ಖಾಲಿ ಆಗಿರಲ್ಲ

ಕಳೆದ ತಿಂಗಳ ಅಂಕಣದ ಕೊನೆಯಲ್ಲಿ "ಹಬ್ಬಕ್ಕೆ ಕೋವಿ ಒರೆಸುವ ಮೊದಲು ಅದನ್ನು ಖಾಲಿ ಮಾಡಿಕೊಳ್ಳಿ" ಅಂತ ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ಹೇಗೆ ಖಾಲಿ ಮಾಡೋದು ಅಂತ ಬರೆಯಲಿಲ್ಲ. ಈಗ ಪತ್ರಗಳು ರಾಶಿ ಬಿದ್ದಿವೆ. ಜಾಸ್ತಿ ಬಂದಿರುವುದು ಬೋಲ್ಟ್ ರೈಫಲ್ ಬಗ್ಗೆ, ಅದರಲ್ಲೂ ಅದರ ಮ್ಯಾಗಜಿನ್ ಬಗ್ಗೆ. ಹಾಗಾಗಿ ಈ ಸಲ ಪೂರ್ತಿ ಅದೇ. ಶಸ್ತ್ರಾಗಾರದಲ್ಲಿ ಕೂತು ವರ್ಷಗಟ್ಟಲೆ ಕೋವಿ ಬಿಚ್ಚಿ ಜೋಡಿಸಿದವನು ನಾನು, ಗೊತ್ತಿರುವಷ್ಟು ಹೇಳುತ್ತೇನೆ.

ಪ್ರ: ಅಜ್ಜನ ಕಾಲದ .315 ರೈಫಲ್ ಮನೆಯಲ್ಲಿದೆ. ಕೈಲ್‌ಪೋಳ್ದ್ (ಕೊಡವರ ಆಯುಧಪೂಜೆ ಹಬ್ಬ) ಹಿಂದಿನ ದಿನ ಒರೆಸೋಣ ಅಂತ ಇಳಿಸಿದೆ. ಮ್ಯಾಗಜಿನ್ ಬಿಚ್ಚಿ ಮೇಜಿನ ಮೇಲಿಟ್ಟೆ. ಇನ್ನು ಖಾಲಿ ಅಂದುಕೊಂಡು ಬೋಲ್ಟ್ ಎಳೆದರೆ ಒಂದು ತೋಟೆ ಟಣ್ ಅಂತ ಹಾರಿ ನೆಲಕ್ಕೆ ಬಿತ್ತು. ಪಕ್ಕದಲ್ಲಿ ಮಗಳು ಕೂತಿದ್ದಳು. ಆ ತೋಟೆ ಎಲ್ಲಿಂದ ಬಂತು ಸಾರ್? (ಮಡಿಕೇರಿ ಹತ್ತಿರದ ಓದುಗರು)

ಉ: ಚೇಂಬರಿನಿಂದ ಬಂತು. ನಿಮ್ಮ ಪುಣ್ಯ, ಬೋಲ್ಟ್ ಎಳೆದಿರಿ. ಟ್ರಿಗರ್ ಎಳೆದಿದ್ದರೆ ನೀವು ಈ ಪತ್ರ ಬೇರೆ ಥರ ಬರೆಯಬೇಕಾಗುತ್ತಿತ್ತು.

ಬೋಲ್ಟ್ ರೈಫಲಿನಲ್ಲಿ ತೋಟೆ ಇರುವ ಜಾಗ ಎರಡು. ಒಂದು ಮ್ಯಾಗಜಿನ್, ಕೆಳಗಿನ ಡಬ್ಬಿ. ಇನ್ನೊಂದು ಚೇಂಬರ್, ಅಂದರೆ ನಳಿಗೆಯ ಹಿಂದಿನ ತುದಿಯಲ್ಲಿ ಒಂದೇ ಒಂದು ತೋಟೆ ಕೂರುವ ಗೂಡು. ಡಬ್ಬಿ ಬಿಚ್ಚಿದರೆ ಡಬ್ಬಿಯಲ್ಲಿದ್ದದ್ದು ಹೋಯಿತು. ಗೂಡಿನಲ್ಲಿದ್ದದ್ದು ಹಾಗೇ ಕೂತಿರುತ್ತದೆ. ಮ್ಯಾಗಜಿನ್ ಇಲ್ಲದಿದ್ದರೂ ಆ ಒಂದು ತೋಟೆ ಸಿಡಿಯಲು ಏನೂ ಅಡ್ಡಿ ಇಲ್ಲ.

ಒಳಗೆ ಏನಾಗುತ್ತದೆ ಅಂತ ಒಮ್ಮೆ ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. ಬಾಗಿಲಿನ ಉದ್ದ ಚಿಲಕ ನೋಡಿದ್ದೀರಲ್ಲ, ಹಿಡಿ ಮೇಲೆತ್ತಿ ಹಿಂದಕ್ಕೆ ಎಳೆಯೋದು, ಮುಂದಕ್ಕೆ ತಳ್ಳಿ ಕೆಳಗೆ ಮಡಚೋದು. ಬೋಲ್ಟ್ ಕೂಡ ಅದೇ, ಉಕ್ಕಿನ ಚಿಲಕ. ಮ್ಯಾಗಜಿನ್ ತಗಡಿನ ಡಬ್ಬಿ. ಅದರ ತಳದಲ್ಲಿ ಮಡಚಿದ ಪಟ್ಟಿ ಸ್ಪ್ರಿಂಗ್, ಅದರ ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ತೋಟೆಗಳು. ಸ್ಪ್ರಿಂಗ್ ಯಾವಾಗಲೂ ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ಡಬ್ಬಿಯ ಬಾಯಲ್ಲಿ ಎರಡು ಕಡೆ ಒಳಕ್ಕೆ ಬಾಗಿದ ತುಟಿಗಳಿವೆ, ಅವು ತೋಟೆ ಹೊರಗೆ ಹಾರದಂತೆ ಹಿಡಿದುಕೊಂಡಿರುತ್ತವೆ. ಬೋಲ್ಟ್ ಹಿಂದಕ್ಕೆ ಹೋದಾಗ ಮೇಲಿನ ತೋಟೆಯ ಹಿಂಭಾಗ ಅಷ್ಟೇ ಅಷ್ಟು ಮೇಲಕ್ಕೆ ಇಣುಕುತ್ತದೆ. ಬೋಲ್ಟ್ ಮುಂದೆ ಬರುವಾಗ ಅದರ ಕೆಳ ಅಂಚು ಆ ತೋಟೆಯ ಬೆನ್ನಿಗೆ ತಗುಲಿ, ತುಟಿಗಳಿಂದ ಜಾರಿಸಿ, ನೇರ ಗೂಡಿಗೆ ತಳ್ಳುತ್ತದೆ. ಹಿಡಿ ಕೆಳಗೆ ಮಡಚಿದರೆ ಗೂಡಿಗೆ ಬೀಗ. ಮತ್ತೆ ಎಳೆದಾಗ ಬೋಲ್ಟಿನ ಮೂತಿಯಲ್ಲಿರುವ ಕೊಕ್ಕೆ ತೋಟೆಯ ಅಂಚು ಹಿಡಿದು ಹೊರಗೆ ತಂದು ಎಸೆಯುತ್ತದೆ. ಟಣ್ ಅಂದದ್ದು ಅದೇ.

ಅಜ್ಜ (ಅಥವಾ ಆಮೇಲೆ ಯಾರೋ) ಹಂದಿ ಓಡಿಸಲೆಂದು ಗೂಡಿಗೆ ಒಂದು ಹಾಕಿ ಮರೆತಿದ್ದರು. ಅಷ್ಟೇ ಕಥೆ.

ಈಗ ಖಾಲಿ ಮಾಡುವ ಕ್ರಮ. ಮೊದಲು ನಳಿಗೆಯ ಬಾಯಿ ಎತ್ತ ಇದೆ ಅಂತ ನೋಡಿ, ಅದರ ಬಗ್ಗೆ ಕೆಳಗೆ ಬೇರೆ ಪ್ರಶ್ನೆಯೇ ಇದೆ. ಬೆರಳು ಟ್ರಿಗರ್ ಕಾವಲಿನ ಹೊರಗೆ, ಕೋವಿಯ ಪಕ್ಕಕ್ಕೆ ನೆಟ್ಟಗೆ. ಸೇಫ್ಟಿ ಹಾಕಿ. ಆಮೇಲೆ ಮ್ಯಾಗಜಿನ್ ಬಿಚ್ಚಿ. ನಿಮ್ಮದರಂಥ ಲೀ ಎನ್‌ಫೀಲ್ಡ್ (ಬ್ರಿಟಿಷ್ ಸೈನ್ಯದ ಹಳೆಯ ರೈಫಲ್) ಮಾದರಿಯಲ್ಲಿ ಒಂದು ತಲೆನೋವಿದೆ. ಮ್ಯಾಗಜಿನ್ ಬಿಡಿಸುವ ಕೀಲಿ ಇರುವುದೇ ಟ್ರಿಗರ್ ಕಾವಲಿನ ಒಳಗೆ, ಟ್ರಿಗರಿನ ಮುಂದೆ. ಅಲ್ಲಿ ಬೆರಳು ಹಾಕುವಾಗ ನೋಡಿಕೊಂಡೇ ಹಾಕಿ, ಮಾತಾಡುತ್ತಾ ಹಾಕಬೇಡಿ. ಮ್ಯಾಗಜಿನ್ ದೂರ ಇಡಿ. ಈಗ ಸೇಫ್ಟಿ ತೆಗೆಯಬೇಕು, ಯಾಕೆಂದರೆ ಈ ಮಾದರಿಯಲ್ಲಿ ಸೇಫ್ಟಿ ಹಾಕಿದ್ದರೆ ಬೋಲ್ಟ್ ಕೂಡ ಅಲುಗುವುದಿಲ್ಲ. ಸೇಫ್ಟಿ ತೆಗೆದು ಬೋಲ್ಟ್ ಎತ್ತುವ ಆ ಒಂದು ಗಳಿಗೆಯೇ ಎಲ್ಲಕ್ಕಿಂತ ಸೂಕ್ಷ್ಮ. ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆಯಿರಿ, ಅರ್ಧ ಅಲ್ಲ. ಹಾರುವ ತೋಟೆಯನ್ನು ಕ್ಯಾಚ್ ಹಿಡಿಯಲು ಹೋಗಬೇಡಿ, ಕೆಳಗೆ ಒಂದು ಗೋಣಿ ಹಾಸಿ, ಬೀಳಲಿ.

ಬೋಲ್ಟ್ ಹಿಂದೆಯೇ ಇರಲಿ. ಬೆಳಕಿಗೆ ಹಿಡಿದು ಗೂಡು ನೋಡಿ. ಡಬ್ಬಿ ಕೂರುವ ಜಾಗ ನೋಡಿ, ಕೆಳಗಿನ ನೆಲ ಕಾಣಬೇಕು. ನೋಡಿದ ಮೇಲೆ ಕಿರುಬೆರಳು ಗೂಡಿಗೆ ತೂರಿಸಿ. ತೋಟೆ ಇದ್ದರೆ ಬೆರಳಿಗೆ ಹಿತ್ತಾಳೆಯ ಚಪ್ಪಟೆ ಬೆನ್ನು ತಗಲುತ್ತದೆ, ಇಲ್ಲದಿದ್ದರೆ ದುಂಡು ತೂತಿನ ತಣ್ಣನೆಯ ಅಂಚು. ಕಣ್ಣು ಕೆಲವು ಸಲ ತನಗೆ ಬೇಕಾದ್ದನ್ನೇ ನೋಡುತ್ತದೆ ಕಣ್ರೀ, ಸಂಜೆ ಹೊತ್ತು ಅಂತೂ ಹಳೆಯ ಕಪ್ಪಾದ ಹಿತ್ತಾಳೆ ಕಾಣುವುದೇ ಇಲ್ಲ. ಬೆರಳಿಗೆ ಆ ಚಾಳಿ ಇಲ್ಲ.

ಇನ್ನು ಇದರ ಕ್ರಮ ತಿರುಗಿಸಿದರೆ ಏನಾಗುತ್ತದೆ ಅಂತ ನನ್ನದೇ ಅನುಭವ ಕೇಳಿ. ಕೆಲಸಕ್ಕೆ ಸೇರಿದ ಹೊಸತು, ರೇಂಜಿನಲ್ಲಿ ಅಭ್ಯಾಸ ಮುಗಿದಿತ್ತು, ಊಟದ ಹೊತ್ತು, ಅವಸರ. ನಾನು ಮೊದಲು ಬೋಲ್ಟ್ ಎಳೆದೆ. ತೋಟೆ ಹೊರಗೆ ಬಿತ್ತು. ಸರಿ ಅಂತ ಬೋಲ್ಟ್ ಮುಚ್ಚಿದೆ. ಆಮೇಲೆ ಮ್ಯಾಗಜಿನ್ ಬಿಚ್ಚಿದೆ. ಎರಡೂ ಕೆಲಸ ಆಯಿತಲ್ವಾ? ಆಗಲಿಲ್ಲ. ಬೋಲ್ಟ್ ಮುಚ್ಚುವಾಗ ಮ್ಯಾಗಜಿನ್ ಇನ್ನೂ ಕೆಳಗಿತ್ತು, ಅದು ಧಾರಾಳವಾಗಿ ಇನ್ನೊಂದು ತೋಟೆಯನ್ನು ಗೂಡಿಗೆ ಕಳಿಸಿತ್ತು. ಸ್ಪ್ರಿಂಗ್ ಸಡಿಲ ಮಾಡೋಣ ಅಂತ ಟ್ರಿಗರ್ ಒತ್ತಿದೆ. ಮುಂದಿದ್ದ ಮರಳಿನ ಮೂಟೆಯಿಂದ ಧೂಳೆದ್ದಿತು. ಉಸ್ತಾದ್ ಒಂದು ಮಾತೂ ಬೈಯಲಿಲ್ಲ. ನಿಧಾನಕ್ಕೆ ಬಂದು, ಆ ಮೂಟೆ ಹೊತ್ತುಕೊಂಡು ರೇಂಜಿನ ಆ ತುದಿಯಿಂದ ಈ ತುದಿಗೆ ನಡೆ ಅಂದರು. ಮಧ್ಯಾಹ್ನದ ಊಟ ತಣ್ಣಗಾಗುವ ತನಕ ನಡೆದೆ. ಕ್ರಮ ಇವತ್ತಿಗೂ ಮರೆತಿಲ್ಲ.

ಪ್ರ: 'ಸುರಕ್ಷಿತ ದಿಕ್ಕಿಗೆ ಹಿಡಿಯಿರಿ' ಅಂತೀರಿ. ಮನೆಯೊಳಗೆ ಸುರಕ್ಷಿತ ದಿಕ್ಕು ಯಾವುದು? ಮೇಲೆ ಮಕ್ಕಳ ರೂಮು, ಪಕ್ಕದಲ್ಲಿ ಅಡುಗೆಮನೆ. (ಸೋಮವಾರಪೇಟೆ)

ಉ: ಒಳ್ಳೆಯ ಪ್ರಶ್ನೆ. ಸಿನಿಮಾದವರ ಥರ ಸೂರಿಗೆ ಹಿಡಿಯೋದು ಬೇಡ, ಮಹಡಿ ಮನೆಯಲ್ಲಿ ಅದು ಇನ್ನೊಬ್ಬರ ನೆಲ. ಸಿಮೆಂಟು ನೆಲಕ್ಕೂ ಬೇಡ, ಗುಂಡು ಚಿಮ್ಮುತ್ತದೆ. ಇಟ್ಟಿಗೆ ಗೋಡೆಯನ್ನು ನಂಬಬೇಡಿ, ರೈಫಲ್ ಗುಂಡಿಗೆ ಒಂದು ಸಾಲು ಇಟ್ಟಿಗೆ ದೊಡ್ಡ ವಿಷಯ ಅಲ್ಲ.

ನಿಮ್ಮ ಕಡೆ ಸುಲಭ ಇದೆ. ಹಿತ್ತಲಲ್ಲಿ ಮನೆಗಿಂತ ಎತ್ತರದ ಮಣ್ಣಿನ ಬರೆ ಇರುತ್ತದಲ್ಲ (ನಮ್ಮ ಕಡೆ ಧರೆ ಅಂತೀವಿ), ಅದರ ಮುಂದೆ ನಿಂತು ನಳಿಗೆ ಬರೆಯ ಕಡೆಗೆ ಹಿಡಿದು ಖಾಲಿ ಮಾಡಿ, ಆಮೇಲೆ ಒಳಗೆ ತನ್ನಿ. ಬರೆ ಮೇಲೆ ದಾರಿ ಇದ್ದರೆ ಆ ಜಾಗ ಬೇಡ. ಬರೆ ಇಲ್ಲದವರು ಒಂದು ಡ್ರಮ್ಮಿಗೆ ಮರಳು ತುಂಬಿ ಮೂಲೆಯಲ್ಲಿ ಓರೆಯಾಗಿ ಇಟ್ಟುಕೊಳ್ಳಬಹುದು. ಪೊಲೀಸ್ ಠಾಣೆ, ಕ್ಯಾಂಪುಗಳಲ್ಲಿ ಮರಳಿನ ಪೆಟ್ಟಿಗೆ ಇಟ್ಟಿರುವುದು ಅದಕ್ಕೇ.

ಪ್ರ: ಕೋವಿಯ ಡಬ್ಬಿಗೂ ನಾವು ಓದುವ ಪತ್ರಿಕೆಗೂ 'ಮ್ಯಾಗಜಿನ್' ಅಂತ ಒಂದೇ ಹೆಸರು ಯಾಕೆ? ನಮ್ಮ ಎನ್‌ಸಿಸಿಯಲ್ಲಿ ಕೇಳಿದರೆ ಎಲ್ಲರೂ ನಕ್ಕರು. ಹಾಗೇ, ಕ್ಲಿಪ್ ಅಂದರೂ ಮ್ಯಾಗಜಿನ್ ಅಂದರೂ ಒಂದೇನಾ? (ಧಾರವಾಡದ ವಿದ್ಯಾರ್ಥಿನಿ)

ಉ: ನಕ್ಕವರಿಗೆ ಉತ್ತರ ಗೊತ್ತಿರಲಿಕ್ಕಿಲ್ಲ, ಅದಕ್ಕೇ ನಕ್ಕಿರಬೇಕು. ಮೂಲ ಅರಬ್ಬಿ ಭಾಷೆಯ 'ಮಖ್ಜನ್', ಅಂದರೆ ಸಾಮಾನು ಕೂಡಿಡುವ ಉಗ್ರಾಣ. ನಮ್ಮ 'ಖಜಾನೆ'ಯೂ ಅದೇ ಧಾತುವಿನಿಂದ ಬಂದದ್ದು, ಅಂದರೆ ಖಜಾನೆ, ಮ್ಯಾಗಜಿನ್ ಎರಡೂ ಅಕ್ಕತಂಗಿಯರು. ಮದ್ದುಗುಂಡು ಕೂಡಿಡುವ ಮನೆಗೆ ಯುರೋಪಿನವರು ಮ್ಯಾಗಜಿನ್ ಅಂದರು. ನಾವು ಮದ್ದಿನ ಮನೆ ಅಂತೀವಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ್ದು ಇವೆ. ಜೋಡಿ ರೈಲು ಹಳಿಗೆ ಜಾಗ ಬಿಡಿಸಲು 2017ರಲ್ಲಿ ಅದರಲ್ಲೊಂದನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರಲ್ಲ, ಅಂಥದ್ದು. ಮುಂದೆ ಕೋವಿಯೊಳಗೇ ತೋಟೆ ಕೂಡಿಡುವ ಡಬ್ಬಿ ಬಂದಾಗ ಅದಕ್ಕೂ ಅದೇ ಹೆಸರು ಅಂಟಿತು. ಪತ್ರಿಕೆಗೆ ಈ ಹೆಸರು ಬಂದದ್ದು 1731ರಲ್ಲಿ ಲಂಡನ್ನಿನಲ್ಲಿ, ನಾನಾ ಬರಹಗಳ ಉಗ್ರಾಣ ಅನ್ನುವ ಅರ್ಥದಲ್ಲಿ.

ಕ್ಲಿಪ್ ಬೇರೆ. ಮ್ಯಾಗಜಿನ್‌ಗೆ ಸ್ಪ್ರಿಂಗ್ ಇರುತ್ತದೆ, ಅದು ತೋಟೆಯನ್ನು ಕೋವಿಗೆ ಉಣಿಸುತ್ತದೆ. ಕ್ಲಿಪ್ ಸುಮ್ನೆ ಒಂದು ತಗಡಿನ ಪಟ್ಟಿ, ಐದು ತೋಟೆಯನ್ನು ಸಾಲಾಗಿ ಹಿಡಿದಿರುತ್ತದೆ, ಮ್ಯಾಗಜಿನ್‌ಗೆ ಬೇಗ ತುಂಬಲು. ತ್ರೀ ನಾಟ್ ತ್ರೀ (.303, ಅದೇ ಸೈನ್ಯದ ಲೀ ಎನ್‌ಫೀಲ್ಡ್) ರೈಫಲಿನ ಮ್ಯಾಗಜಿನ್‌ಗೆ 10 ತೋಟೆ ಹಿಡಿಯುತ್ತದೆ, ಬಿಚ್ಚಲೂ ಬರುತ್ತದೆ. ಆದರೆ ಸಿಪಾಯಿಗೆ ಬಿಡಿ ಮ್ಯಾಗಜಿನ್ ರಾಶಿ ಕೊಡುತ್ತಿರಲಿಲ್ಲ. ಮ್ಯಾಗಜಿನ್ ಕೋವಿಯಲ್ಲೇ ಇರಬೇಕು, ಐದೈದರ ಪಟ್ಟಿಯನ್ನು ಮೇಲಿನಿಂದ ಸಿಕ್ಕಿಸಿ ಹೆಬ್ಬೆರಳಲ್ಲಿ ಒತ್ತಿ ತುಂಬಬೇಕು. ಅದರ ಅಜ್ಜ ಲೀ ಮೆಟ್‌ಫರ್ಡ್ ಅಂತ 1888ರ ಕೋವಿ, ಅದರಲ್ಲಂತೂ ಮ್ಯಾಗಜಿನ್ ಕಳೆದುಹೋಗಬಾರದೆಂದು ಕೋವಿಗೆ ಸಣ್ಣ ಸರಪಳಿಯಿಂದ ಕಟ್ಟಿರುತ್ತಿದ್ದರು, ಬ್ಯಾಂಕಿನ ಪೆನ್ನಿನ ಹಾಗೆ.

ಆಸ್ಟ್ರಿಯಾದ ಮ್ಯಾನ್‌ಲಿಕರ್‌ನಂಥ ಕೋವಿಗಳಲ್ಲಿ ಮಾತ್ರ ಕ್ಲಿಪ್ ಸಮೇತ ಒಳಗೆ ಹೋಗುತ್ತಿತ್ತು. ಕೊನೆಯ ತೋಟೆ ಗೂಡಿಗೆ ಹೋದ ಮೇಲೆ ಖಾಲಿ ಕ್ಲಿಪ್ ತಳದ ಕಿಂಡಿಯಿಂದ ಉದುರುತ್ತಿತ್ತು. ತಮಾಷೆ ಏನೆಂದರೆ ನಮ್ಮ ಊರುಗಳಲ್ಲಿರುವ .315 ರೈಫಲಿನ ತೋಟೆ ಮೂಲತಃ ಆ ಆಸ್ಟ್ರಿಯಾ ಸೈನ್ಯದ 8 ಮಿಲಿಮೀಟರ್ ತೋಟೆಯೇ. ತ್ರೀ ನಾಟ್ ತ್ರೀ ಸೈನ್ಯದ ಅಳತೆ, ಜನರ ಕೈಗೆ ಕೊಡಬಾರದು ಅಂತ ಬ್ರಿಟಿಷರು ಕಟ್ಟು ಮಾಡಿದ್ದರು. ಹಾಗಾಗಿ ಲೀ ಎನ್‌ಫೀಲ್ಡ್ ಮೈಗೆ ಆಸ್ಟ್ರಿಯಾದ ತೋಟೆ. ಆ ನಿರ್ಬಂಧ ಈಗಲೂ ಇದೆ. ತ್ರೀ ನಾಟ್ ತ್ರೀ ಸಾಮಾನ್ಯ ಲೈಸೆನ್ಸಿಗೆ ಸಿಗುವುದಿಲ್ಲ.

ಪ್ರ: ಮ್ಯಾಗಜಿನ್‌ಗೆ ಐದು ತೋಟೆ ತುಂಬಿದರೆ ಎರಡನೆಯದೋ ಮೂರನೆಯದೋ ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ಮುಂದೆ ಹೋಗುವುದೇ ಇಲ್ಲ. ಗುದ್ದಿದರೆ ಹೋಗುತ್ತದೆ. ಸ್ಪ್ರಿಂಗ್ ಹಾಳಾಗಿದೆಯಾ? (ಮೂಡಿಗೆರೆ)

ಉ: ಮೊದಲು ಗುದ್ದೋದು ನಿಲ್ಲಿಸಿ ಮಾರಾಯರೇ. ಒಂದು ತೋಟೆಯ ಮೂತಿ ಇನ್ನೊಂದು ತೋಟೆಯ ಬೆನ್ನಿಗೆ ಎಲ್ಲಾದರೂ ಕುಟ್ಟಿಕೊಂಡರೆ ಕಷ್ಟ, ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹತ್ತಿಸುವ ಕೇಪು ಇರೋದು ಆ ಬೆನ್ನಲ್ಲೇ.

ಸ್ಪ್ರಿಂಗ್ ಅಲ್ಲ, ತುಂಬುವ ರೀತಿ ತಪ್ಪಾಗಿರಬೇಕು. .315 ತೋಟೆಯ ಬುಡದಲ್ಲಿ ಹೊರಕ್ಕೆ ಚಾಚಿದ ಅಂಚು ಇರುತ್ತದೆ, ಲೋಟದ ಕಂಠದ ಹಾಗೆ. ತ್ರೀ ನಾಟ್ ತ್ರೀಗೂ ಹಾಗೇ. ಬೋಲ್ಟ್ ಮೇಲಿನ ತೋಟೆಯನ್ನು ಮುಂದಕ್ಕೆ ತಳ್ಳುತ್ತದೆ ಅಂದೆನಲ್ಲ. ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂತಿದ್ದರೆ ಸಲೀಸಾಗಿ ಜಾರುತ್ತದೆ. ಹಿಂದೆ ಕೂತಿದ್ದರೆ ಕೆಳಗಿನ ತೋಟೆಯನ್ನೂ ಎಳೆದುಕೊಂಡು ಹೋಗಲು ನೋಡುತ್ತದೆ, ಎರಡೂ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಒಂದೊಂದೇ ತೋಟೆ ಹಾಕುವಾಗ ಪ್ರತಿಯೊಂದರ ಅಂಚೂ ಅದರ ಕೆಳಗಿನದಕ್ಕಿಂತ ಮುಂದೆ ಕೂರಬೇಕು. ಬಸ್ಸಿನಲ್ಲಿ ಇಳಿಯುವವರು ಬಾಗಿಲ ಹತ್ತಿರ, ಆಮೇಲೆ ಇಳಿಯುವವರು ಹಿಂದೆ ನಿಂತ ಹಾಗೆ. ಈ ಅಂಚಿನ ರಗಳೆಯಿಂದಲೇ ಇಂಥ ಮ್ಯಾಗಜಿನ್‌ಗಳ ಮುಂಭಾಗ ಸ್ವಲ್ಪ ಎತ್ತಿಕೊಂಡು, ಡಬ್ಬಿ ಓರೆಯಾಗಿ ಕಾಣುತ್ತದೆ. ಜರ್ಮನಿಯ ಮೌಸರ್ ತೋಟೆಗೆ ಹೊರಕ್ಕೆ ಚಾಚಿದ ಅಂಚಿಲ್ಲ, ಬದಲಿಗೆ ಒಳಕ್ಕೆ ಕೊರೆದ ತೋಡು ಇದೆ. ಹಾಗಾಗಿ ಅಂಚಿಗೆ ಅಂಚು ಹೀಗೆ ಸಿಕ್ಕಿಕೊಳ್ಳುವುದಿಲ್ಲ.

ಸರಿಯಾಗಿ ತುಂಬಿದರೂ ಸಿಕ್ಕಿಕೊಂಡರೆ ಮ್ಯಾಗಜಿನ್ ತುಟಿ ನೋಡಿ. ಒಮ್ಮೆ ಕೈ ಜಾರಿ ಕಲ್ಲಿನ ಮೇಲೆ ಬಿದ್ದಿದ್ದರೂ ಸಾಕು, ತುಟಿ ಕೂದಲೆಳೆಯಷ್ಟು ಬಾಗಿರುತ್ತದೆ. ಇಕ್ಕಳ ಹಿಡಿದು ನೀವೇ ಸರಿ ಮಾಡಲು ಹೋಗಬೇಡಿ. ತುಟಿ ಜಾಸ್ತಿ ತೆರೆದರೆ ತೋಟೆಗಳು ಒಟ್ಟಿಗೆ ಮೇಲೆ ಹಾರುತ್ತವೆ, ಜಾಸ್ತಿ ಮುಚ್ಚಿದರೆ ಬೋಲ್ಟಿಗೆ ಸಿಗುವುದಿಲ್ಲ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ಕೊಡಿ.

ಸಿಕ್ಕಿಕೊಂಡಾಗ ಏನು ಮಾಡಬೇಕು ಅಂದರೆ, ಬೋಲ್ಟ್ ಹಿಂದಕ್ಕೆ ಎಳೆದು ಹಿಡಿದು ಮ್ಯಾಗಜಿನ್ ಕೆಳಗೆ ಬಿಚ್ಚಿ. ಬಿಗಿ ಸಡಿಲ ಆಗುತ್ತದೆ, ತೋಟೆ ಕೈಗೆ ಬರುತ್ತದೆ.

ಪ್ರ: ತೋಟದ ಹಳೇ ಬಂಗಲೆಯಲ್ಲಿದ್ದ ಮೌಸರ್ ಮಾದರಿಯ ರೈಫಲ್ ನನ್ನ ಹೆಸರಿಗೆ ಬಂದಿದೆ. ಇದಕ್ಕೆ ಬಿಚ್ಚುವ ಮ್ಯಾಗಜಿನ್ನೇ ಇಲ್ಲ. ನಿಮ್ಮ 'ಮೊದಲು ಮ್ಯಾಗಜಿನ್ ತೆಗಿ' ಅನ್ನೋದು ಇಲ್ಲಿ ಹೇಗೆ? (ಸಕಲೇಶಪುರ)

ಉ: ಇದರಲ್ಲಿ ಮ್ಯಾಗಜಿನ್ ಮರದ ಒಳಗೇ ಅಡಗಿದೆ. ಹೊರಗೆ ಏನೂ ಚಾಚಿಲ್ಲ, ಹಿಡಿದು ಓಡಾಡಲು ಬಹಳ ಸೊಗಸು. ಐದು ತೋಟೆಯನ್ನು ಎಡ ಬಲ, ಎಡ ಬಲ ಅಂತ ಹಾವಿನ ನಡಿಗೆಯಲ್ಲಿ ಜೋಡಿಸಿ ಡಬ್ಬಿಯ ಎತ್ತರ ಕಮ್ಮಿ ಮಾಡಿದ್ದು ಪಾಲ್ ಮೌಸರ್ ಅವರ ಜಾಣತನ. 1893ರಲ್ಲಿ ಸ್ಪೇನಿಗೆ ಮಾಡಿಕೊಟ್ಟ ಕೋವಿಯಲ್ಲಿ ಅದು ಬಂತು, 1898ರ ಮಾದರಿ ಲೋಕಪ್ರಸಿದ್ಧ ಆಯಿತು. ಇವತ್ತಿನ ಬಹುತೇಕ ಬೇಟೆ ರೈಫಲ್‌ಗಳು ಅದರ ಮಕ್ಕಳು ಮೊಮ್ಮಕ್ಕಳು.

ಇಲ್ಲಿ ಕ್ರಮ ತಿರುಗುತ್ತದೆ. ಮೊದಲು ಬೋಲ್ಟ್ ಎಳೆಯಿರಿ, ಗೂಡಿನದು ಹೊರಗೆ ಬೀಳಲಿ. ಬೋಲ್ಟ್ ಮುಚ್ಚಬೇಡಿ. ಇದೊಂದನ್ನು ದಪ್ಪ ಅಕ್ಷರದಲ್ಲಿ ಹಾಕಿ ಅಂತ ಸಂಪಾದಕರಿಗೆ ಹೇಳಿದ್ದೇನೆ. ಬೋಲ್ಟ್ ಹಿಂದೆ ನಿಂತಿರುವಾಗಲೇ ಕೋವಿಯ ಹೊಟ್ಟೆಯ ಕೆಳಗಿನ ತಗಡು ಬಾಗಿಲು ತೆರೆಯಿರಿ, ಇನ್ನೊಂದು ಕೈ ಕೆಳಗೆ ಒಡ್ಡಿ, ತೋಟೆಗಳು ಅಂಗೈಗೆ ಉದುರುತ್ತವೆ. ಸೈನ್ಯದ ಹಳೆ ಮೌಸರ್ ಆದರೆ ಬಾಗಿಲಿಗೆ ಕೀಲು ಇರುವುದಿಲ್ಲ, ಸಣ್ಣ ತೂತು ಇರುತ್ತದೆ. ಅದನ್ನು ಮೊನಚಾದ ಏನಾದರೂ ವಸ್ತುವಿನಿಂದ ಒತ್ತಿ ತಗಡನ್ನು ಹಿಂದಕ್ಕೆ ಜಾರಿಸಬೇಕು. ಸಿಪಾಯಿಗಳು ತೋಟೆಯ ಮೂತಿಯಿಂದಲೇ ಒತ್ತುತ್ತಿದ್ದರು. ನೀವು ಪೆನ್ನೋ ಮರದ ಕಡ್ಡಿಯೋ ಬಳಸಿ.

ಕೆಲವಕ್ಕೆ ಕೆಳಗೆ ಬಾಗಿಲೇ ಇಲ್ಲ. ಆಗ ಬೋಲ್ಟ್ ಆಡಿಸಿಯೇ ಒಂದೊಂದು ಹೊರಗೆ ತೆಗೆಯಬೇಕು. ಇಲ್ಲಿ ಒಂದು ಗುಟ್ಟಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಮೌಸರ್ 98ರಲ್ಲಿ ತೋಟೆ ಮ್ಯಾಗಜಿನ್‌ನಿಂದ ಏಳುವಾಗಲೇ ಕೊಕ್ಕೆ ಅದರ ತೋಡಿಗೆ ಸಿಕ್ಕಿರುತ್ತದೆ. ಆದ್ದರಿಂದ ಬೋಲ್ಟ್ ಮುಂದೆ ತಂದು ಹಿಡಿ ಮಡಚದೆ ಹಿಂದಕ್ಕೆ ಎಳೆದರೂ ತೋಟೆ ಹೊರಗೆ ಬರುತ್ತದೆ. ಆಮೇಲಿನ ಕಾಲದ ಅಗ್ಗದ ಮಾದರಿಗಳಲ್ಲಿ ಹಾಗಲ್ಲ. ಬೋಲ್ಟ್ ತೋಟೆಯನ್ನು ಸುಮ್ನೆ ಮುಂದೆ ನೂಕುತ್ತದೆ, ಕೊಕ್ಕೆ ಸಿಕ್ಕಿಕೊಳ್ಳುವುದು ಬೋಲ್ಟ್ ಪೂರ್ತಿ ಮುಚ್ಚುವಾಗ ಕೊನೇ ಗಳಿಗೆಯಲ್ಲಿ. ನೀವು ಮುಕ್ಕಾಲು ತಳ್ಳಿ ಹಿಂದೆ ಎಳೆದರೆ ಬೋಲ್ಟ್ ಖಾಲಿ ಬರುತ್ತದೆ, ತೋಟೆ ಗೂಡಿನಲ್ಲೇ ಉಳಿಯುತ್ತದೆ. ಆ ಮೇಲೆ ಮತ್ತೆ ತಳ್ಳಿದರೆ ಹಿಂದಿನ ತೋಟೆಯ ಮೂತಿ ಮುಂದಿನದರ ಬೆನ್ನಿಗೆ. ಹಾಗಾಗಿ ನಿಮ್ಮದು ಯಾವ ಜಾತಿ ಅಂತ ಗೊತ್ತಾಗುವ ತನಕ ಬೋಲ್ಟನ್ನು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ, ಎಷ್ಟು ತುಂಬಿದ್ದಿರೋ ಅಷ್ಟೂ ಹೊರಗೆ ಬಂದವಾ ಅಂತ ಎಣಿಸಿ. ಐದು ತುಂಬಿ ನಾಲ್ಕು ಸಿಕ್ಕರೆ ಐದನೆಯದು ಮಂಚದ ಕೆಳಗೆ ಉರುಳಿರಬಹುದು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಹುಡುಕಿ.

ಹಳೇ ತ್ರೀ ನಾಟ್ ತ್ರೀಗಳಲ್ಲಿ ಇನ್ನೊಂದು ಮೋಸ ಇತ್ತು. ಮ್ಯಾಗಜಿನ್ ಮೇಲೆ ಅಡ್ಡ ಸರಿಯುವ ಒಂದು ತಗಡು. ಸಿಪಾಯಿಗಳು ತೋಟೆ ಪೋಲು ಮಾಡುತ್ತಾರೆ ಅಂತ ದೊಡ್ಡ ಅಧಿಕಾರಿಗಳಿಗೆ ಭಯ, ಆ ತಗಡು ಅಡ್ಡ ಸರಿಸಿ ಒಂದೊಂದೇ ಕೈಯಲ್ಲಿ ಹಾಕಿ ಹೊಡೆಯಿರಿ, ಮ್ಯಾಗಜಿನ್ ಆಪತ್ತಿಗೆ ಇರಲಿ ಅಂತ ಲೆಕ್ಕ. ಆ ತಗಡು ಒಳಗಿದ್ದಾಗ ಬೋಲ್ಟ್ ಎಷ್ಟು ಸಲ ಆಡಿಸಿದರೂ ಒಂದು ತೋಟೆಯೂ ಬರುವುದಿಲ್ಲ, ಕೆಳಗೆ 10 ತುಂಬಿರುತ್ತವೆ! ಮೊದಲ ಮಹಾಯುದ್ಧದ ಹೊತ್ತಿಗೆ ಅದನ್ನು ಕೈಬಿಟ್ಟರು. ಮ್ಯೂಸಿಯಮ್ಮಿನಲ್ಲಿ ಹಳೇ ಕೋವಿ ಸಿಕ್ಕರೆ ಬಲಗಡೆ ಆ ತಗಡು ಇದೆಯಾ ನೋಡಿ.

ಪ್ರ: ತೋಟೆ ತುಂಬಿಯೇ ಇಟ್ಟರೆ ಮ್ಯಾಗಜಿನ್ ಸ್ಪ್ರಿಂಗ್ ಸೋಲುತ್ತದೆ ಅಂತಾರೆ. ನಿಜವಾ? (ಶಿರಸಿ)

ಉ: ಒಳ್ಳೆಯ ಸ್ಪ್ರಿಂಗ್ ಒತ್ತಿಟ್ಟರೆ ಸೋಲುವುದು ಕಮ್ಮಿ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಸವೆಯುವುದೇ ಜಾಸ್ತಿ. ಆದರೂ ತುಂಬಿ ಇಡಬೇಡಿ. ಸ್ಪ್ರಿಂಗ್ ಉಳಿಸಲು ಅಲ್ಲ. ನಿಮ್ಮೂರಿನ ಮಳೆಗಾಲದಲ್ಲಿ ತೋಟೆಯ ಹಿತ್ತಾಳೆ ಹಸಿರು ಹಿಡಿದು ಮ್ಯಾಗಜಿನ್‌ಗೆ ಅಂಟಿಕೊಳ್ಳುತ್ತದೆ, ಮತ್ತು ತುಂಬಿದ ಮ್ಯಾಗಜಿನ್ ಮನೆಯ ಹುಡುಗರ ಕೈಗೆ ಸಿಕ್ಕರೆ ಉಳಿದದ್ದನ್ನು ಅವರು ಸಿನಿಮಾ ನೋಡಿ ಕಲಿತಿರುತ್ತಾರೆ. ಕೋವಿ ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ.

ಪ್ರ: ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗೆ ಯಾಕೆ ಇಷ್ಟು ಕಾಟ? (ಹಾಸನ)

ಉ: ಅಂಕಣದ ವಿಷಯ ಅಲ್ಲ, ಆದರೂ ಚುಟುಕಾಗಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ವಿನಾಯಿತಿ ಲೈಸೆನ್ಸಿಗೆ ಮಾತ್ರ, 1972ರ ವನ್ಯಜೀವಿ ಕಾಯ್ದೆಗೆ ಅಲ್ಲ. ಅಲ್ಲಿ ಮಗು ಹುಟ್ಟಿದರೆ, ಸಾವಾದರೆ, ಪುತ್ತರಿ ಕದಿರು ತೆಗೆದರೆ ಕೋವಿ ಸದ್ದು ಕೇಳಬೇಕು. ಹಾಸನದಲ್ಲಿ ಮದುವೆಗೆ ಅಂತ ಗಾಳಿಯಲ್ಲಿ ಗುಂಡು ಹೊಡೆದು ಯಾರ ಜೀವಕ್ಕಾದರೂ ಕುತ್ತು ತಂದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಪ್ರ: ಅಮೆರಿಕದ ಮಿಷಿಗನ್‌ನಲ್ಲಿ ಇದ್ದೇನೆ. ಆಫೀಸಿನ ಗೆಳೆಯರ ಜೊತೆ ರೇಂಜಿಗೆ ಹೋದಾಗ ಹಳೆಯ .22 ಬೋಲ್ಟ್ ರೈಫಲ್ ಕೊಟ್ಟರು. ಅದರ ಮ್ಯಾಗಜಿನ್ ಕೊಳವೆಯ ಥರ ನಳಿಗೆಯ ಕೆಳಗೆ ಉದ್ದಕ್ಕೆ ಇತ್ತು. ಇದನ್ನು ಖಾಲಿ ಮಾಡುವಾಗ ಕೈ ನಳಿಗೆಯ ಬಾಯಿ ಹತ್ತಿರ ಹೋಯಿತು, ಸ್ವಲ್ಪ ಹೆದರಿಕೆ ಆಯಿತು.

ಉ: ಹೆದರಿಕೆ ಆಗಲೇಬೇಕು. ಕೊಳವೆ ಮ್ಯಾಗಜಿನ್‌ನಲ್ಲಿ ಒಳಗಿನ ಸಣ್ಣ ಕೊಳವೆಯನ್ನು ಮುಂದಿನ ತುದಿಯಿಂದ ತಿರುಗಿಸಿ ಎಳೆಯಬೇಕು. ಆ ತುದಿ ನಳಿಗೆಯ ಬಾಯಿಂದ ಗೇಣು ದೂರ. ಹಾಗಾಗಿ ಇಲ್ಲಿಯೂ ಮೊದಲು ಬೋಲ್ಟ್ ಎಳೆದು ಗೂಡಿನದನ್ನು ತೆಗೆದು, ಬೋಲ್ಟ್ ತೆರೆದೇ ಬಿಟ್ಟು, ಆಮೇಲೆ ಮುಂದೆ ಕೈ ಹಾಕಿ. ಕೈಯನ್ನು ಪಕ್ಕದಿಂದ ತನ್ನಿ, ಬಾಯಿಯ ಮುಂದಿನಿಂದ ಅಲ್ಲ. ತೋಟೆಗಳನ್ನು ಸುರಿದ ಮೇಲೂ ಬೋಲ್ಟನ್ನು ನಾಲ್ಕೈದು ಸಲ ಪೂರ್ತಿ ಆಡಿಸಿ, ತೋಟೆ ಎತ್ತುವ ಸಣ್ಣ ತಟ್ಟೆಯಲ್ಲಿ ಒಂದು ಅವಿತು ಕೂತಿರುವುದುಂಟು.

ಫ್ರಾನ್ಸಿನ 1886ರ ಲೆಬೆಲ್ ಕೋವಿಯೂ ಹೀಗೇ, ಎಂಟು ತೋಟೆಯ ಕೊಳವೆ. ಮೂತಿ ಚೂಪಿನ ಗುಂಡು ಬಂದಾಗ ಅವರಿಗೆ ದಿಗಿಲಾಯಿತು, ಹಿಂದಿನ ತೋಟೆಯ ಮೊನೆ ಮುಂದಿನದರ ಕೇಪಿಗೆ ಕುಟ್ಟಿದರೆ? ಮೊನೆ ಜಾರಿ ಪಕ್ಕಕ್ಕೆ ಕೂರಲಿ ಅಂತ ಕೇಪಿನ ಸುತ್ತ ಒಂದು ತೋಡು ಕೊರೆದರು. ನಿಮ್ಮ .22ರಲ್ಲಿ ಆ ಭಯ ಇಲ್ಲ, ಅದರಲ್ಲಿ ಕಿಡಿ ಹತ್ತಿಸುವ ಮದ್ದು ಬುಡದ ಅಂಚಿನಲ್ಲಿ ಇರುತ್ತದೆ, ನಡುವೆ ಕೇಪಿಲ್ಲ. ಅದೇ ಕಾರಣಕ್ಕೆ ಖಾಲಿ .22ರ ಟ್ರಿಗರನ್ನು ಸುಮ್ನೆ ಟಿಕ್ ಟಿಕ್ ಅನ್ನಿಸಬೇಡಿ. ಹಳೆಯ ಮಾದರಿಗಳಲ್ಲಿ ತೋಟೆಗೆ ಬಡಿಯುವ ಸೂಜಿ ಚೇಂಬರಿನ ಅಂಚಿಗೇ ಬಡಿದು ಗಾಯ ಮಾಡುತ್ತದೆ.

ಪ್ರ: ಟ್ರಿಗರ್ ಒತ್ತಿದೆ, ಟಿಕ್ ಅಂತು, ಸಿಡಿಯಲಿಲ್ಲ. ತಕ್ಷಣ ಬೋಲ್ಟ್ ಎಳೆಯಬಹುದಾ? (ತೀರ್ಥಹಳ್ಳಿ)

ಉ: ಬೇಡ. ಹಾಗೇ ಗುರಿಯ ಕಡೆಗೇ ಹಿಡಿದುಕೊಂಡು 30 ಎಣಿಸಿ. ಹಳೆಯ ತೋಟೆಯ ಮದ್ದು ಕೆಲವು ಸಲ ತಡವಾಗಿ ಹತ್ತಿಕೊಳ್ಳುತ್ತದೆ, ಆಗ ಬೋಲ್ಟ್ ತೆರೆದಿದ್ದರೆ ಬೆಂಕಿ ನಿಮ್ಮ ಮುಖಕ್ಕೆ. ಎಣಿಸಿದ ಮೇಲೆ ಮುಖ ಪಕ್ಕಕ್ಕಿಟ್ಟು ತೆರೆಯಿರಿ. ತೋಟೆ ಗೂಡಿಗೆ ಅಂಟಿಕೊಂಡು ಬರದಿದ್ದರೆ ಮುಂದಿನಿಂದ ಕಡ್ಡಿ ಹಾಕಿ ಕುಟ್ಟುವ ಯೋಚನೆ ಬಿಟ್ಟುಬಿಡಿ. ರಿಪೇರಿಯವರಿಗೆ ಫೋನ್ ಮಾಡಿ, ಒಳಗೆ ತೋಟೆ ಇದೆ ಅಂತ ಮೊದಲೇ ಹೇಳಿ.

ಪ್ರ: ಚುನಾವಣೆ ಬಂದರೆ ಕೋವಿ ಠಾಣೆಗೆ ಒಪ್ಪಿಸಬೇಕು. ಅಲ್ಲಿ ಹೇಗೆ ಕೊಡಬೇಕು? ಕಳೆದ ಸಲ ಕೌಂಟರಿನಲ್ಲಿ ಹೆಗಲಿನಿಂದ ಇಳಿಸಿದ್ದೇ ತಡ, ರೈಟರ್ ಎದ್ದು ಪಕ್ಕಕ್ಕೆ ಸರಿದರು. (ಕುಶಾಲನಗರ)

ಉ: ಅವರು ಸರಿದದ್ದು ಸರಿಯೇ! ಮನೆಯಲ್ಲೇ ಖಾಲಿ ಮಾಡಿ, ಕಿರುಬೆರಳು ಹಾಕಿ ನೋಡಿ, ಚೀಲದಲ್ಲಿ ಹಾಕಿಕೊಂಡು ಹೋಗಿ. ತೋಟೆಗಳು ಬೇರೆ ಡಬ್ಬಿಯಲ್ಲಿ. ಠಾಣೆಯಲ್ಲಿ ನಳಿಗೆ ಯಾರೂ ಇಲ್ಲದ ಕಡೆ ಮಾಡಿ ಹೊರಗೆ ತೆಗೆದು, ಮ್ಯಾಗಜಿನ್ ಬಿಚ್ಚಿ, ಬೋಲ್ಟ್ ಎಳೆದು ತೆರೆದಿಟ್ಟು, ಹಾಗೇ ಕೊಡಿ. ಎನ್‌ಸಿಸಿ ಮಾಡಿದ್ದರೆ ನೆನಪಿರಬಹುದು, 'ಖಾಲಿ ಕರ್' ಆದ ಮೇಲೂ 'ಜಾಂಚ್ ಶಸ್ತ್ರ' ಅಂತ ಇನ್ನೊಬ್ಬರು ಬಂದು ನೋಡುತ್ತಿದ್ದರಲ್ಲ. ತೆಗೆದುಕೊಳ್ಳುವವರೂ ಒಮ್ಮೆ ನೋಡಲಿ. ಅವರು ನೋಡದಿದ್ದರೆ 'ನೋಡಿ ಸಾರ್' ಅನ್ನಿ, ಅವಮಾನ ಏನಲ್ಲ.

ಇನ್ನೊಂದು. ಒಂದೇ ಮೂಲೆಯಲ್ಲಿ ಇಪ್ಪತ್ತು ಕೋವಿ ಒರಗಿಸಿಟ್ಟಾಗ ಬೋಲ್ಟ್ ಅದಲು ಬದಲಾಗಿದ್ದನ್ನು ನಾನು ಕಂಡಿದ್ದೇನೆ. ಲೀ ಎನ್‌ಫೀಲ್ಡ್ ಮಾದರಿಗಳಲ್ಲಿ ಬೋಲ್ಟನ್ನು ಆಯಾ ಕೋವಿಗೇ ಹೊಂದಿಸಿ ನಂಬರು ಹೊಡೆದಿರುತ್ತಾರೆ. ಬೇರೆ ಬೋಲ್ಟ್ ಹಾಕಿದರೂ ಕೂರುತ್ತದೆ, ಮುಚ್ಚುತ್ತದೆ, ಆದರೆ ತೋಟೆಯ ಹಿಂದೆ ಸಂದಿ ಉಳಿದರೆ ಹಿತ್ತಾಳೆ ಸೀಳುತ್ತದೆ. ಕೊಡುವಾಗ ಬೋಲ್ಟ್ ಹಿಡಿಯ ಬುಡದ ನಂಬರನ್ನೂ ಕೋವಿಯ ನಂಬರನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮರಳಿ ತರುವಾಗ ಕೌಂಟರ್ ಬಿಡುವ ಮೊದಲೇ ತಾಳೆ ನೋಡಿ.